ಬೇಕಲದ ಹತ್ತಿರ ‘ವರ್ಲ್ಡ್ ಮ್ಯೂಸಿಕ್ ಕ್ಯಾಂಪಿಂಗ್’ ಅಂತ ಪೋಸ್ಟರ್ ಬಂದರೆ ದಯವಿಟ್ಟು ದುಡ್ಡು ಹಾಕಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ಓದಿದರೆ ಸಾಕು. ಬೇಸಿಗೆ ರಜೆಯಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಯ ಕಡೆ ಎರಡು ರಾತ್ರಿಯ ಸಂಗೀತ ಉತ್ಸವ, ಟೆಂಟಿನಲ್ಲಿ ವಾಸ, ಊಟ ಎಲ್ಲ ಸೇರಿ ಪಾಸ್ ಅಂತ ವಾಟ್ಸಾಪಿನಲ್ಲಿ ಪೋಸ್ಟರ್ ಓಡಾಡುತ್ತದೆ. ದುಡ್ಡು ಕಳಿಸಲು ಹೋದಾಗ ಸಂಸ್ಥೆಯ ಹೆಸರಿನ ಬದಲು ಯಾರೋ ಒಬ್ಬ ವ್ಯಕ್ತಿಯ ಹೆಸರು ಕಾಣಿಸಿದರೆ ಅಲ್ಲಿಗೇ ನಿಲ್ಲಿಸಿ. ನಮಗೆ ತಲೆಗೆ ನಾಲ್ಕೂವರೆ ಸಾವಿರದಂತೆ ನಾಲ್ಕು ಜನರದ್ದು ಹದಿನೆಂಟು ಸಾವಿರ ಹೋಯಿತು. ಹೆಸರು ಇಲ್ಲಿ ಹಾಕುತ್ತಿಲ್ಲ, ದೂರು ಕೊಟ್ಟಾಗಿದೆ, ಅದು ನಡೆಯುತ್ತಿದೆ.

ಪೋಸ್ಟರ್ ನೋಡಿದರೆ ಯಾರಿಗಾದರೂ ಆಸೆ ಆಗುವಂಥದ್ದೇ. ಕಡಲ ತೀರದಲ್ಲಿ ಸಾಲಾಗಿ ಬಿಳಿ ಟೆಂಟು, ಒಳಗೆ ಹಾಸಿಗೆ, ಮೂಲೆಯಲ್ಲಿ ಸಣ್ಣ ದೀಪ. ಹಿಂದೆ ಕೋಟೆ. ಕೆಳಗೆ ‘ಮಾಲಿ ದೇಶದ ಕೋರಾ ವಾದನ’, ‘ರಾತ್ರಿಯಿಡೀ ಜಾಮ್’ (ಅಂದರೆ ಎಲ್ಲರೂ ಸೇರಿ ನುಡಿಸುವುದು), ‘ಕ್ಯಾಂಪಿಂಗ್ ಪಾಸ್’. ಕೋರಾ ಅಂದರೆ ದೊಡ್ಡ ಸೋರೆ ಬುರುಡೆಯ ಅರ್ಧಕ್ಕೆ ಚರ್ಮ ಬಿಗಿದು, ಉದ್ದ ಕೋಲು ಸಿಕ್ಕಿಸಿ, 21 ತಂತಿ ಕಟ್ಟಿದ ಪಶ್ಚಿಮ ಆಫ್ರಿಕದ ವಾದ್ಯ. ಎರಡೂ ಕೈಯ ಹೆಬ್ಬೆರಳು, ತೋರುಬೆರಳಲ್ಲಿ ನುಡಿಸುತ್ತಾರೆ. ಚೆಂಡೆ ಮದ್ದಳೆ ಕೇಳಿ ಬೆಳೆದ ನನಗೆ ಅದು ಹೇಗೆ ಹುಚ್ಚು ಹಿಡಿಸಿತೋ ಗೊತ್ತಿಲ್ಲ, ರಾತ್ರಿ ಇಯರ್‌ಫೋನ್ ಹಾಕಿ ಕೇಳುತ್ತಾ ಮಲಗುವವ ನಾನು. ಅದು ನಮ್ಮ ಜಿಲ್ಲೆಗೇ ಬರುತ್ತದೆ ಅಂದರೆ! ಬೆಂಗಳೂರಿನಿಂದ ಅಕ್ಕ, ಭಾವ, ಅಕ್ಕನ ಮಗಳು ಮೂವರನ್ನೂ ಕರೆಸಿದೆ. ಭಾವ ಆಫೀಸಿಗೆ ರಜೆ ಹಾಕಿ ಬಂದರು.

ಹೊರಡುವ ಹಿಂದಿನ ರಾತ್ರಿ ಲೊಕೇಶನ್ ಕಳಿಸಿದರು. ಅಲ್ಲಿಯವರೆಗೆ ಎಷ್ಟು ಕೇಳಿದರೂ ‘ನಿಯರ್ ಬೇಕಲ್ ಫೋರ್ಟ್’ ಅಷ್ಟೇ. ಮ್ಯಾಪ್ ಹಿಡಿದು ಹೋದರೆ ಹೈವೇ ದಾಟಿ, ಸಮುದ್ರಕ್ಕೆ ಬೆನ್ನು ಹಾಕಿ, ಪೂರ್ವಕ್ಕೆ ಹೋಗುತ್ತಲೇ ಇದ್ದೇವೆ. ಕೊನೆಗೆ ಒಂದು ಪಾದೆಯ ಮೇಲೆ ಗಾಡಿ ನಿಂತಿತು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಆದರೂ ಹೊರಗಿನವರಿಗೆ ಹೇಳುತ್ತೇನೆ. ಕಾಸರಗೋಡಿನಲ್ಲಿ ಮೈಲುಗಟ್ಟಲೆ ಮುರಕಲ್ಲಿನ ಪಾದೆ ಇದೆ, ಕೆಂಪು ಕಲ್ಲಿನ ಬಯಲು. ಮರ ಇಲ್ಲ, ನೆರಳಿಲ್ಲ. ಮಳೆಗಾಲದಲ್ಲಿ ಹುಲ್ಲು, ಹೂವು ಬಂದು ಚಂದ ಕಾಣುತ್ತದೆ. ಮೇ ತಿಂಗಳಲ್ಲಿ ಅದು ಬರೀ ಕಾದ ಕಲ್ಲು. ಸೂರ್ಯ ಮುಳುಗಿದ ಮೇಲೂ ಎಷ್ಟೋ ಹೊತ್ತು ಕೆಳಗಿನಿಂದ ಝಳ ಹೊಡೆಯುತ್ತದೆ. ಅಲ್ಲಿ ಟೆಂಟ್ ಹಾಕುವ ಯೋಚನೆ ಯಾರ ತಲೆಗೆ ಬಂತೋ!

ಗೇಟಿನಲ್ಲಿ ಚೀಲ ತಪಾಸಣೆ. ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ, ತಿಂಡಿಯೂ ಇಲ್ಲ. ಅಮ್ಮ ಕರಿದು ಕೊಟ್ಟಿದ್ದ ಹಲಸಿನ ಸೋಂಟೆಯ ಡಬ್ಬಿ ಅಲ್ಲೇ ಇಟ್ಟು ಹೋಗಿ ಅಂದರು. ವಾಪಸ್ ಬರುವಾಗ ಡಬ್ಬಿ ಖಾಲಿ. (ಇದು ಸಣ್ಣ ವಿಷಯ ಅಂತ ಗೊತ್ತು. ಆದರೂ ಮರೆಯಲು ಆಗುತ್ತಿಲ್ಲ.) ಒಳಗೆ ಇಪ್ಪತ್ತು ರೂಪಾಯಿಯ ನೀರಿನ ಬಾಟಲಿಗೆ ನಲವತ್ತು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ನಮ್ಮ ಟೆಂಟ್ ಯಾವುದು ಅಂತ ಕೇಳಿದೆ. ಕೌಂಟರಿನ ಹುಡುಗ ನನ್ನ ಮುಖ ನೋಡಿದ. ‘ನಿಮ್ಮ ಟೆಂಟ್ ಎಲ್ಲಿದೆ ಸಾರ್?’ ಅಂದ. ನನಗೆ ಅರ್ಥ ಆಗಲಿಲ್ಲ. ‘ನೀವು ತಂದಿಲ್ವಾ?’

ಕ್ಯಾಂಪಿಂಗ್ ಪಾಸ್ ಅಂದರೆ ಟೆಂಟ್ ಹಾಕಲು ಜಾಗವಂತೆ. ಟೆಂಟ್ ಬೇರೆಯಂತೆ. ಬಾಡಿಗೆಗೆ ಬೇಕಾದರೆ ಒಂದಕ್ಕೆ ರಾತ್ರಿಗೆ ಸಾವಿರದ ಇನ್ನೂರು, ಮೇಲೆ ಎರಡು ಸಾವಿರ ಡೆಪಾಸಿಟ್. ಹಾಸಿಗೆ ಮುನ್ನೂರು. ಪೋಸ್ಟರಿನಲ್ಲಿದ್ದ ದೀಪವೂ ಬೇರೆ! ನಾನು ಪೋಸ್ಟರ್ ತೆಗೆದು ತೋರಿಸಿದೆ. ‘ಅದು ರೆಪ್ರೆಸೆಂಟೇಶನ್ ಸಾರ್’ ಅಂದ. ಹಿಂದೆ ನಿಂತಿದ್ದ ಭಾವ ಏನೂ ಹೇಳದೆ ಪರ್ಸ್ ತೆಗೆದರು. ಆ ಹೊತ್ತಿಗೆ ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತು. ಕರೆಸಿದ್ದು ನಾನು, ದುಡ್ಡು ಕೊಡುತ್ತಿರುವುದು ಅವರು.

ಆಯೋಜಕರಲ್ಲಿ ದೊಡ್ಡವನು ಅಂತ ಒಬ್ಬ ಬಂದ. ಜುಟ್ಟು, ಲಿನನ್ ಅಂಗಿ, ಬಾಯಿ ತುಂಬ ‘ಬ್ರೋ’. ಅವನು ನನಗೆ ಪಾಠ ಮಾಡಿದ. ಇಂಗ್ಲೆಂಡಿನ ಫೆಸ್ಟಿವಲ್‌ಗಳಲ್ಲಿ ಎಲ್ಲರೂ ಅವರವರ ಟೆಂಟ್ ಹೊತ್ತು ತರುತ್ತಾರೆ, ಪ್ರಪಂಚದಲ್ಲೆಲ್ಲ ಇದೇ ರೂಲ್, ನಿಮಗೆ ಗೊತ್ತಿಲ್ಲ ಅಷ್ಟೇ ಅಂತ. ಹೌದು ಸ್ವಾಮಿ, ಅಲ್ಲಿ ತರುತ್ತಾರೆ. ಯಾಕೆಂದರೆ ಅಲ್ಲಿ ಏನೇನು ತರಬೇಕು ಅಂತ ಮೊದಲೇ ಬರೆದು ಹೇಳುತ್ತಾರೆ. ಅಲ್ಲಿನ ಬೇಸಿಗೆಯಲ್ಲಿ ಜನ ರಾತ್ರಿ ಸ್ವೆಟರ್ ಹಾಕಿಕೊಳ್ಳುತ್ತಾರೆ. ಗೂಟ ಹೊಡೆದರೆ ಇಳಿಯುವ ಹುಲ್ಲುಗಾವಲಿನಲ್ಲಿ ಟೆಂಟ್ ಹಾಕುತ್ತಾರೆ. ನಮ್ಮ ದೇಶದಲ್ಲೇ ನೋಡಿ. ಅರುಣಾಚಲದ ಝೀರೋ ಕಣಿವೆಯಲ್ಲಿ 2012ರಿಂದ ನಡೆಯುವ ಉತ್ಸವ ಸೆಪ್ಟೆಂಬರ್ ಕೊನೆಗೆ. ಜೋಧಪುರದ ಕೋಟೆಯಲ್ಲಿ ನಡೆಯುವ ಜಾನಪದ ಸಂಗೀತದ ಉತ್ಸವ ಶರತ್ ಹುಣ್ಣಿಮೆಯ ಆಸುಪಾಸು. ತಲೆ ಇದ್ದವರು ಹವಾಮಾನ ನೋಡಿ ದಿನ ಇಡುತ್ತಾರೆ. ಇವರು ಶಾಲೆಯ ರಜೆ ನೋಡಿ ಇಟ್ಟಿದ್ದಾರೆ.

ಗೂಟದ ಮಾತು ಬಂತಲ್ಲ. ಮುರಕಲ್ಲಿಗೆ ಟೆಂಟಿನ ಗೂಟ ಇಳಿಯುವುದಿಲ್ಲ. ನಾಲ್ಕೂ ಬಗ್ಗಿದವು. ಹುಡುಗ ಬಂದು ಹಗ್ಗಕ್ಕೆ ಕಲ್ಲು ಕಟ್ಟಿ ‘ಇದ್ ಮದಿ ಚೇಟ್ಟಾ’ (ಇಷ್ಟು ಸಾಕು ಅಣ್ಣ) ಅಂತ ಮಲಯಾಳದಲ್ಲಿ ಹೇಳಿ ಹೋದ. ಇಬ್ಬರ ಟೆಂಟಿಗೆ ನಾಲ್ವರನ್ನೂ ತುಂಬಿಸಿ ಅಂದರು, ಅಕ್ಕ ಒಪ್ಪಲಿಲ್ಲ, ಎರಡು ತೆಗೆದುಕೊಂಡೆವು.

ಸಂಜೆ ಕೋರಾ. ನಾನು ಮುಂದೆ ಹೋಗಿ ಕೂತಿದ್ದೆ. ಒಬ್ಬ ಹುಡುಗ ಜೆಂಬೆ ಅನ್ನುವ ಆಫ್ರಿಕದ ಚರ್ಮವಾದ್ಯ ಹಿಡಿದು ಬಂದ, ಇನ್ನೊಬ್ಬ ಲ್ಯಾಪ್‌ಟಾಪ್ ತೆರೆದ. ದೀಪ ಕಡಿಮೆ ಮಾಡಿದರು. ಸ್ಪೀಕರಿನಿಂದ ಕೋರಾ ಬಂತು. ಬಂತು ನಿಜ, ಚಂದವೇ ಬಂತು. ನಾನು ವೇದಿಕೆ ತುಂಬ ಹುಡುಕುತ್ತಿದ್ದೇನೆ, ಕೋರಾ ಎಲ್ಲಿ? ಅಷ್ಟು ದೊಡ್ಡ ಬುರುಡೆ, ಬಚ್ಚಿಡುವ ವಸ್ತುವಾ ಅದು? ಆಮೇಲೆ ಹೊಳೆಯಿತು. ರೆಕಾರ್ಡ್ ಹಾಕಿದ್ದಾರೆ, ಹುಡುಗ ಅದಕ್ಕೆ ಜೆಂಬೆ ಬಾರಿಸುತ್ತಿದ್ದಾನೆ. ಸುತ್ತ ಜನ ಕಣ್ಣು ಮುಚ್ಚಿ ತಲೆ ತೂಗುತ್ತಿದ್ದರು. ಅಕ್ಕನ ಮಗಳು ನನ್ನ ಕಿವಿಯಲ್ಲಿ ‘ಮಾಮ, ಇದನ್ನು ನೀನು ಫೋನಲ್ಲಿ ಕೇಳಿಸಿದ್ದೆ ಅಲ್ವಾ?’ ಅಂದಳು. ಅದೇ ರೆಕಾರ್ಡಿಂಗ್! ನಾನು ರಾತ್ರಿ ಪುಕ್ಕಟೆ ಕೇಳುವ ಅದೇ ರೆಕಾರ್ಡಿಂಗಿಗೆ ನಾಲ್ಕೂವರೆ ಸಾವಿರ.

ಜುಟ್ಟಿನವನನ್ನು ಹುಡುಕಿ ಕೇಳಿದೆ. ‘ಆರ್ಟಿಸ್ಟ್‌ಗೆ ವೀಸಾ ಪ್ರಾಬ್ಲಂ ಆಯ್ತು ಬ್ರೋ.’

ಯಾವಾಗ ಆಯಿತು?

‘ಮೊದಲೇ.’

ಮತ್ತೆ ಪೋಸ್ಟರಿನಲ್ಲಿ ಯಾಕೆ ತೆಗೆಯಲಿಲ್ಲ?

‘ಸೌಂಡ್ ಅದೇ ಅಲ್ವಾ ಬ್ರೋ?’

ಇದನ್ನು ನಾನು ಎಷ್ಟು ಸಲ ತಲೆಯಲ್ಲಿ ತಿರುಗಿಸಿದ್ದೇನೋ ಲೆಕ್ಕ ಇಲ್ಲ. ಸೌಂಡ್ ಅದೇ ಅಲ್ವಾ. ಹೌದಪ್ಪ, ಸೌಂಡ್ ಅದೇ. ಹಾಗಾದರೆ ದುಡ್ಡಿನ ಬದಲು ನಾನು ನೋಟಿನ ಫೋಟೋ ಕಳಿಸಿದ್ದರೆ ಆಗುತ್ತಿತ್ತಾ?

ರಾತ್ರಿಯಿಡೀ ಜಾಮ್ ಅಂದಿದ್ದರಲ್ಲ. ಹತ್ತು ಗಂಟೆಗೆ ಪೊಲೀಸರು ಬಂದರು, ಮೈಕ್ ಬಂದ್. ಇದಕ್ಕೆ ‘ಯಾರೋ ಲೋಕಲ್‌ನವರು ಕಿರಿಕ್ ಮಾಡಿದರು’ ಅಂತ ಅನೌನ್ಸ್ ಮಾಡಿದರು. ಸುಳ್ಳು. ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ನಿಯಮವೇ ಇದೆ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ಸರ್ಕಾರ ಸಡಿಲಿಕೆ ಕೊಟ್ಟರೂ ಹನ್ನೆರಡರವರೆಗೆ, ಅದೂ ವರ್ಷಕ್ಕೆ ಹೆಚ್ಚೆಂದರೆ 15 ದಿನ. ಯಕ್ಷಗಾನ ಆಡಿಸುವ ಯಾವ ಊರಿನ ಕಮಿಟಿಯವರನ್ನು ಕೇಳಿದರೂ ಮೈಕ್ ಪರ್ಮಿಶನ್‌ನ ತಲೆಬಿಸಿ ಹೇಳುತ್ತಾರೆ. ಇವರಿಗೆ ಗೊತ್ತಿರಲಿಲ್ಲವಾ? ಗೊತ್ತಿದ್ದೇ ಪೋಸ್ಟರ್ ಹಾಕಿದ್ದು.

ಆಮೇಲೆ ಮಳೆ. ಮೇ ತಿಂಗಳಲ್ಲಿ ರಾತ್ರಿ ಗುಡುಗು ಸಿಡಿಲಿನ ಮಳೆ ಬರುತ್ತದೆ ಅಂತ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಗಾಳಿ ಎದ್ದದ್ದೇ ತಡ, ಕಲ್ಲು ಕಟ್ಟಿದ ಟೆಂಟುಗಳು ಎದ್ದು ಓಡಿದವು. ಬೋಳು ಪಾದೆ, ತಲೆಯ ಮೇಲೆ ಮಿಂಚು. ಮುರಕಲ್ಲಿನ ಮೇಲೆ ನೀರು ಇಂಗದೆ ಹಾಳೆಯ ಹಾಗೆ ಹರಿದು ಬಂತು. ಎಲ್ಲರೂ ಕಾರಿಗೆ ಓಡಿದೆವು. ಅಕ್ಕ ಒದ್ದೆಮುದ್ದೆ. ಭಾವ ಅಷ್ಟು ಹೊತ್ತಿನ ಮೇಲೆ ಬಾಯಿಬಿಟ್ಟರು: ‘ಇದೆಂತದ್ದು ಮಾರಾಯ, ಇದಕ್ಕಿಂತ ನಿಮ್ಮ ಮನೆಯ ಜಗಲಿಯಲ್ಲಿ ಮಲಗಿದ್ದರೆ ಆಗುತ್ತಿತ್ತಲ್ಲ.’ ಸಿಟ್ಟಿನಿಂದ ಅಲ್ಲ, ನಗುತ್ತಾ ಹೇಳಿದ್ದು. ಅದೇ ಜಾಸ್ತಿ ನೋವಾದದ್ದು. ಆ ರಾತ್ರಿಯೇ ಮನೆಗೆ ವಾಪಸ್.

ಡೆಪಾಸಿಟ್? ಟೆಂಟ್ ಹರಿದಿದೆ, ಕೊಡುವುದಿಲ್ಲ ಅಂದರು. ಗಾಳಿಗೆ ಹರಿದ ಟೆಂಟಿಗೆ ನಾನು ಜವಾಬ್ದಾರ!

ಇನ್ನು ಮೆಸೇಜುಗಳು. ಮೊದಲ ಉತ್ತರ: ‘ಡಿಯರ್ ಮ್ಯೂಸಿಕ್ ಲವರ್, ಪ್ರಕೃತಿಯೂ ಫೆಸ್ಟಿವಲ್‌ನ ಭಾಗ.’ ಎರಡನೆಯದು: ‘ಟಿಕೆಟ್ ನಾನ್ ರಿಫಂಡಬಲ್.’ ನಾನು ಟಿಕೆಟ್ ಅಂತ ಒಂದು ಕಾಗದವನ್ನೇ ನೋಡಿಲ್ಲ, ಬರೀ ‘ರಿಸೀವ್ಡ್’ ಅಂತ ಮೆಸೇಜ್. ಬಿಲ್ ಕೇಳಿದೆ. ‘ನೋಕ್ಕಾಂ.’ ಅಂದರೆ ನೋಡೋಣ. ಮತ್ತೆ ಕೇಳಿದೆ. ‘ನೋಕ್ಕಾಂ ಚೇಟ್ಟಾ.’ ಮುಂದಿನ ಸಲದ ಪಾಸಿಗೆ ಅರ್ಧ ರಿಯಾಯಿತಿ ಕೊಡುತ್ತೇವೆ ಅಂದರು. ಅಂದರೆ ಮತ್ತೆ ಅವರಿಗೇ ದುಡ್ಡು ಕೊಡಬೇಕು! ಗ್ರೂಪಿನಲ್ಲಿ ಬೇರೆಯವರೂ ಕೇಳತೊಡಗಿದಾಗ ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿದರು. ಜುಟ್ಟಿನವನಿಂದ ಕೊನೆಗೆ ಒಂದು ದೊಡ್ಡ ಮೆಸೇಜ್ ಬಂತು. 1982ರಲ್ಲಿ ಇಂಗ್ಲೆಂಡಿನಲ್ಲಿ ವೊಮಾಡ್ ಅನ್ನುವ ವರ್ಲ್ಡ್ ಮ್ಯೂಸಿಕ್ ಉತ್ಸವ ಮೊದಲ ಸಲ ನಡೆದಾಗಲೂ ಲಾಸ್ ಆಗಿತ್ತು, ದೊಡ್ಡ ಕೆಲಸಗಳು ಹೀಗೇ ಶುರುವಾಗುವುದು ಅಂತ.

ಅದನ್ನು ಓದಿ ನನ್ನ ಪಿತ್ತ ನೆತ್ತಿಗೇರಿತು. ಹೌದು, ಲಾಸ್ ಆಗಿತ್ತು. ದೊಡ್ಡ ಸಾಲವೇ ಆಗಿತ್ತು. ಆಗ ಅದನ್ನು ಶುರು ಮಾಡಿದವರಲ್ಲಿ ಒಬ್ಬರಾದ ಗಾಯಕ ಪೀಟರ್ ಗೇಬ್ರಿಯಲ್ ಏನು ಮಾಡಿದರು? ಅದೇ ವರ್ಷ ಅಕ್ಟೋಬರಿನಲ್ಲಿ ತಾನು ಬಿಟ್ಟು ಬಂದಿದ್ದ ಹಳೇ ಬ್ಯಾಂಡ್ ಜೆನೆಸಿಸ್ ಜೊತೆ ಮತ್ತೆ ವೇದಿಕೆ ಹತ್ತಿ, ಆ ದುಡ್ಡನ್ನು ಸಾಲಕ್ಕೆ ಹಾಕಿದರು. ಕೇಳಲು ಬಂದವರಿಂದ ಟೆಂಟಿನ ಡೆಪಾಸಿಟ್ ಹೊಡೆದು ತೀರಿಸಲಿಲ್ಲ. ಇದನ್ನೇ ಬರೆದು ಕಳಿಸಿದೆ. ಒಂದು ಟಿಕ್ ಬಿತ್ತು, ಎರಡನೆಯದು ಬೀಳಲೇ ಇಲ್ಲ. ಫೋಟೋವೂ ಮಾಯ. ಬ್ಲಾಕ್.

ನಮ್ಮೂರಿನ ಒತ್ತೆಕೋಲಕ್ಕೆ, ಅಂದರೆ ದೈವದ ಕೋಲಕ್ಕೆ, ಸಾವಿರಾರು ಜನ ಬರುತ್ತಾರೆ. ರಶೀದಿ ಪುಸ್ತಕ ಹಿಡಿದ ಕಮಿಟಿಯವರು ಹತ್ತು ರೂಪಾಯಿಗೂ ಲೆಕ್ಕ ಇಡುತ್ತಾರೆ, ಬಂದವರಿಗೆಲ್ಲ ಊಟ ಹಾಕುತ್ತಾರೆ. ಅವರ್ಯಾರೂ ಇಂಗ್ಲೆಂಡಿಗೆ ಹೋದವರಲ್ಲ.

ನೀವು ಇಂಥದ್ದಕ್ಕೆ ಹೋಗಲೇಬೇಕು ಅಂತಿದ್ದರೆ ಮೊದಲು ಜಿಎಸ್‌ಟಿ ನಂಬರ್ ಇರುವ ಬಿಲ್ ಕೇಳಿ, ಕೇರಳದಲ್ಲಿ ನೋಂದಾಯಿಸಿದ್ದಾದರೆ 32ರಿಂದ ಶುರುವಾಗುತ್ತದೆ. ಟೆಂಟ್ ಸೇರಿದೆಯಾ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಪಂಚಾಯತಿನ, ಪೊಲೀಸರ ಅನುಮತಿ ಪತ್ರ ತೋರಿಸಿ ಅನ್ನಿ. ಸರಿಯಾದ ಜಾಗ ಹೇಳದಿದ್ದರೆ ಬೇಡವೇ ಬೇಡ. ಮೋಸ ಹೋಗಿದ್ದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಅಂದರೆ ಭಾವನವರು ಬೆಂಗಳೂರಿನಲ್ಲೇ ಕೊಡಬಹುದು, ಕೊಡುತ್ತಾರಂತೆ ಕೂಡ. ಮೆಸೇಜುಗಳನ್ನು ಮಾತ್ರ ಅಳಿಸಬೇಡಿ, ಅವರು ಬ್ಲಾಕ್ ಮಾಡುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಇಷ್ಟು ಅರ್ಜೆಂಟಾಗಿ ಬರೆಯಲು ಕಾರಣ ಇದೆ. ನಿನ್ನೆ ಅಕ್ಕನ ಮಗಳು ಹೊಸ ಪೋಸ್ಟರ್ ಕಳಿಸಿದಳು. ಈ ಸಲ ರಾಣಿಪುರದ ಬೆಟ್ಟದಲ್ಲಂತೆ, ‘ಮಾನ್ಸೂನ್ ಎಡಿಷನ್’ ಅಂತೆ. ಉತ್ಸವದ ಹೆಸರು ಬೇರೆ, ಬಣ್ಣ ಬೇರೆ. ಟೆಂಟಿನ ಫೋಟೋ ಅದೇ. ದುಡ್ಡು ಕಳಿಸುವ ಖಾತೆಯಲ್ಲಿರುವ ಹೆಸರೂ ಅದೇ.