ಆಂಟಿವೈರಸ್ ಒಂದೇ ಇರಲಿ, ಉಳಿದವು ಬೇರೆ ಕೆಲಸ ಮಾಡಲಿ

ಹಣ ಕೊಟ್ಟು ಆಂಟಿವೈರಸ್ ಕೊಳ್ಳುವುದನ್ನು ನಮ್ಮ ಮನೆಯಲ್ಲಿ ನಿಲ್ಲಿಸಿ ವರ್ಷಗಳೇ ಆದವು. ಈಗಿನ ಏರ್ಪಾಡು ಹೀಗಿದೆ: ಸದಾ ಎಚ್ಚರವಾಗಿರಲು ವಿಂಡೋಸ್ ಜೊತೆಗೇ ಬರುವ ಡಿಫೆಂಡರ್, ಅನುಮಾನ ಬಂದಾಗ ಮಾತ್ರ ಓಡಿಸಲು ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ, ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್, ಪಾಸ್‌ವರ್ಡ್‌ಗಳಿಗೆ ಬಿಟ್‌ವಾರ್ಡನ್, ಮತ್ತು ಕಡತಗಳ ನಕಲು ಇಡಲು ಕಪಾಟಿನಲ್ಲಿರುವ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ದುಡ್ಡು ಖರ್ಚಾದದ್ದು ಆ ಡಿಸ್ಕಿಗೆ ಮಾತ್ರ.

ಯಂತ್ರ ಸಾಧಾರಣದ್ದು. ಎಂಟನೇ ತಲೆಮಾರಿನ ಐ3 ಪ್ರೊಸೆಸರ್, 8 ಜಿಬಿ ಮೆಮೊರಿ, ವಿಂಡೋಸ್ 11. ಬಳಸುವವರು ಮೂವರು: ಬ್ಯಾಂಕು ಮತ್ತು ತೆರಿಗೆಯ ಕೆಲಸಕ್ಕೆ ನಾನು, ಪ್ರಶ್ನೆಪತ್ರಿಕೆ ಸಿದ್ಧಪಡಿಸಲು ಪ್ರೌಢಶಾಲೆಯಲ್ಲಿ ಪಾಠ ಮಾಡುವ ನನ್ನ ಹೆಂಡತಿ, ಆಟಕ್ಕೂ ಓದಿಗೂ ಮಗ. ಮನೆಗೆ ವೈರಸ್ ತರುವವನು ಮಗನೇ ಇರಬೇಕೆಂದು ಎಲ್ಲರೂ ಊಹಿಸುತ್ತಾರೆ. ಅವನು ಆಡುವುದೆಲ್ಲ ಸ್ಟೀಮ್‌ನಲ್ಲಿ ಸಿಗುವ ಆಟಗಳು, ಅವುಗಳಿಂದ ತೊಂದರೆಯಾಗಿಲ್ಲ. ತೊಂದರೆ ಬರುವುದು ಜೆರಾಕ್ಸ್ ಅಂಗಡಿಗೆ ಹೋಗಿ ಬರುವ ಪೆನ್‌ಡ್ರೈವಿನಿಂದ.

ಮೊದಲು ಎರಡು ಆಂಟಿವೈರಸ್ ಹಾಕಿಕೊಳ್ಳುವವರ ವಿಷಯ. ಸದಾ ಚಾಲ್ತಿಯಲ್ಲಿರುವ ಆಂಟಿವೈರಸ್ ಕಡತಗಳು ಓಡಾಡುವ ದಾರಿಯಲ್ಲೇ ಕುಳಿತಿರುತ್ತದೆ. ನೀವು ಕಡತವನ್ನು ತೆರೆಯಲು ಹೋದಾಗ ಮೊದಲು ತಾನು ಓದಿ ನೋಡಿ, ಆಮೇಲೆ ನಿಮಗೆ ಬಿಡುತ್ತದೆ. ಅದೇ ದಾರಿಯಲ್ಲಿ ಇನ್ನೊಂದೂ ಕುಳಿತರೆ ಪ್ರತಿ ಕಡತಕ್ಕೂ ಎರಡೆರಡು ತಪಾಸಣೆ. ಒಂದು ಹಿಡಿದು ಬೇರೆಡೆ ಬಂಧಿಸಿಟ್ಟ ವೈರಸ್ಸನ್ನು ಕಂಡು ಇನ್ನೊಂದು ಹೊಸದಾಗಿ ಸಿಕ್ಕಿತೆಂದು ಬೊಬ್ಬೆ ಹಾಕುವುದೂ ಉಂಟು. ಈ ಜಗಳ ಬೇಡವೆಂದೇ ಬೇರೆ ಕಂಪನಿಯ ಆಂಟಿವೈರಸ್ ವಿಂಡೋಸಿನಲ್ಲಿ ತನ್ನ ಹೆಸರನ್ನು ನೋಂದಾಯಿಸಿದ ಕೂಡಲೇ ಡಿಫೆಂಡರ್ ಹಿಂದೆ ಸರಿಯುತ್ತದೆ. ಹೊಸ ಲ್ಯಾಪ್‌ಟಾಪ್ ಜೊತೆ ಬರುವ ಪ್ರಾಯೋಗಿಕ ಆಂಟಿವೈರಸ್ ಇದೆಯಲ್ಲ, ಅದರ ಅವಧಿ ಮುಗಿದ ಮೇಲೆ ಸುಮ್ಮನೆ ಇಟ್ಟುಕೊಳ್ಳಬಾರದು. ಅದನ್ನು ಪೂರ್ತಿ ತೆಗೆದುಹಾಕಿ, ಡಿಫೆಂಡರ್ ಮತ್ತೆ ಕೆಲಸಕ್ಕೆ ಹಾಜರಾಗಿದೆಯೇ ಎಂದು ನೋಡಬೇಕು.

ಮಾಲ್‌ವೇರ್‌ಬೈಟ್ಸ್ ವಿಷಯದಲ್ಲೂ ಇದೇ ಎಚ್ಚರ ಬೇಕು. ಇನ್‌ಸ್ಟಾಲ್ ಮಾಡಿದಾಗ 14 ದಿನಗಳ ಪ್ರೀಮಿಯಂ ಅವಧಿ ಶುರುವಾದರೆ ಅದೂ ಆ ದಿನಗಳಲ್ಲಿ ಸದಾ ಕಾಯುವ ಆಂಟಿವೈರಸ್ಸೇ ಆಗಿರುತ್ತದೆ. ಅದರ ಸೆಟ್ಟಿಂಗ್ಸ್ ಒಳಗೆ ಹೋಗಿ ಆ ಅವಧಿಯನ್ನು ನಿಲ್ಲಿಸಿದರೆ, ಕರೆದಾಗ ಮಾತ್ರ ಬಂದು ನೋಡುವ ಸ್ಕ್ಯಾನರ್ ಉಳಿಯುತ್ತದೆ. ನಮಗೆ ಬೇಕಾದದ್ದು ಅಷ್ಟೇ. ಡಿಫೆಂಡರ್ ಸುಮ್ಮನಿದ್ದು ಇದು ಹಿಡಿದದ್ದರಲ್ಲಿ ಹೆಚ್ಚಿನವು ವೈರಸ್‌ಗಳಲ್ಲ, ಉಚಿತ ಪಿಡಿಎಫ್ ಪರಿವರ್ತಕಗಳ ಬೆನ್ನಿಗೆ ಅಂಟಿಕೊಂಡು ಬಂದ ಜಾಹೀರಾತು ತಂತ್ರಾಂಶಗಳು. ಆ ಕಸವನ್ನು ಡಿಫೆಂಡರ್ ಕೂಡ ತಡೆಯಬಲ್ಲದು. ವಿಂಡೋಸ್ ಸೆಕ್ಯುರಿಟಿಯ ‘ಆ್ಯಪ್ ಮತ್ತು ಬ್ರೌಸರ್ ನಿಯಂತ್ರಣ’ ಭಾಗದಲ್ಲಿ ‘ಅನಪೇಕ್ಷಿತ ಆ್ಯಪ್ ತಡೆ’ ಚಾಲೂ ಇರಬೇಕು.

ಡಿಫೆಂಡರ್ ಬಗ್ಗೆ ಹಳಬರಿಗೆ ತಾತ್ಸಾರವಿದೆ, ಅದಕ್ಕೆ ಕಾರಣವೂ ಇದೆ. ವಿಂಡೋಸ್ 7ರಲ್ಲಿ ಆ ಹೆಸರಿನಲ್ಲಿದ್ದದ್ದು ಗೂಢಚಾರಿ ತಂತ್ರಾಂಶಗಳನ್ನಷ್ಟೇ ಹುಡುಕುವ ಸಾಧನ. ವೈರಸ್‌ಗಳಿಗೆ 2009ರಲ್ಲಿ ಬಂದ ಸೆಕ್ಯುರಿಟಿ ಎಸೆನ್ಷಿಯಲ್ಸ್ ಅನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. 2012ರ ವಿಂಡೋಸ್ 8ರಿಂದ ಡಿಫೆಂಡರೇ ಪೂರ್ಣ ಆಂಟಿವೈರಸ್ ಆಯಿತು. ಆಗಲೂ ಪರೀಕ್ಷೆಗಳಲ್ಲಿ ಹಿಂದಿನ ಬೆಂಚಿನಲ್ಲೇ ಇತ್ತು. ಈಚಿನ ವರ್ಷಗಳಲ್ಲಿ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ಕೊಡುವ 18 ಅಂಕಗಳಲ್ಲಿ ಹದಿನೆಂಟನ್ನೂ ಹಲವು ಸಲ ಪಡೆದಿದೆ. ಆದರೂ ಅದರ ಜಾಣತನದ ದೊಡ್ಡ ಪಾಲು ಮೈಕ್ರೋಸಾಫ್ಟ್‌ನ ಸರ್ವರ್‌ಗಳಲ್ಲಿದೆ. ಇಂಟರ್ನೆಟ್ ಇದ್ದಾಗ ಚುರುಕು, ಇಲ್ಲದಾಗ ಮಂಕು. ನೆಟ್ ಇಲ್ಲದೆ ದಿನವಿಡೀ ಬೇರೆಯವರ ಪೆನ್‌ಡ್ರೈವ್‌ಗಳನ್ನು ಚುಚ್ಚಿಸಿಕೊಳ್ಳುವ ಡಿಟಿಪಿ ಅಂಗಡಿಯ ಯಂತ್ರಕ್ಕೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಅಲ್ಲಿ ದುಡ್ಡು ಕೊಟ್ಟು ಒಳ್ಳೆಯದೊಂದನ್ನು ಹಾಕಿಸುವುದೇ ಸರಿ. ಇನ್ನೊಂದು ಮಿತಿಯೂ ಇದೆ: ಮೋಸದ ತಾಣಗಳನ್ನು ತಡೆಯುವ ಸ್ಮಾರ್ಟ್‌ಸ್ಕ್ರೀನ್ ತನ್ನ ಪೂರ್ತಿ ಕೆಲಸ ಮಾಡುವುದು ಎಡ್ಜ್ ಬ್ರೌಸರಿನೊಳಗೆ. ಫೈರ್‌ಫಾಕ್ಸ್ ಬಳಸುವವರಿಗೆ ಆ ಕೆಲಸವನ್ನು ಗೂಗಲ್‌ನ ಸೇಫ್ ಬ್ರೌಸಿಂಗ್ ಪಟ್ಟಿಯೂ ಯುಬ್ಲಾಕ್ ಆರಿಜಿನ್ನೂ ಹಂಚಿಕೊಳ್ಳುತ್ತವೆ. ಕ್ರೋಮ್ ತನ್ನ ವಿಸ್ತರಣೆಗಳ ನಿಯಮ ಬದಲಿಸಿದ ಮೇಲೆ ಅಲ್ಲಿ ಯುಬ್ಲಾಕ್‌ನ ಕಿರಿಯ ರೂಪವಾದ ‘ಲೈಟ್’ ಮಾತ್ರ ನಡೆಯುತ್ತದೆ. ನಾವು ಕ್ರೋಮ್ ಬಿಟ್ಟದ್ದು ಅದಕ್ಕೇ. ಡೌನ್‌ಲೋಡ್ ತಾಣಗಳಲ್ಲಿ ನಿಜವಾದ ಗುಂಡಿಯ ಸುತ್ತ ಹೊಳೆಯುವ ನಾಲ್ಕಾರು ಸುಳ್ಳು ‘ಡೌನ್‌ಲೋಡ್’ ಗುಂಡಿಗಳೇ ಕಾಣದಂತಾದರೆ ಅರ್ಧ ಅಪಾಯ ಅಲ್ಲೇ ತಪ್ಪಿತು.

ಪೆನ್‌ಡ್ರೈವಿಗೆ ಬರುತ್ತೇನೆ. ಜೆರಾಕ್ಸ್ ಅಂಗಡಿಗಳಲ್ಲಿ ಇಂದಿಗೂ ಉಸಿರಾಡುತ್ತಿರುವುದು ಶಾರ್ಟ್‌ಕಟ್ ವೈರಸ್. ಅದು ನಿಮ್ಮ ಕಡತಗಳನ್ನು ಅಳಿಸುವುದಿಲ್ಲ. ಅವುಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದಿಡುತ್ತದೆ. ಅದನ್ನು ಒತ್ತಿದಾಗ ಮೊದಲು ವೈರಸ್ ಓಡುತ್ತದೆ. ಮನೆಗೆ ತಂದು ಚುಚ್ಚಿದಾಗ ಡಿಫೆಂಡರ್ ಆ ಶಾರ್ಟ್‌ಕಟ್‌ಗಳನ್ನು ಕಿತ್ತುಹಾಕುತ್ತದೆ, ಆದರೆ ಮರೆಯಾದ ಕಡತಗಳನ್ನು ಮತ್ತೆ ಮುಂದೆ ತರುವುದು ಅದರ ಕೆಲಸವಲ್ಲ. ಡ್ರೈವ್ ಖಾಲಿಯಾಗಿ ಕಾಣುತ್ತದೆ. ಬಹಳ ಜನ ಇಲ್ಲಿಯೇ ಗಾಬರಿಬಿದ್ದು ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಫೋಲ್ಡರ್ ಆಯ್ಕೆಗಳಲ್ಲಿ ಮರೆಯಾದ ಕಡತಗಳನ್ನು ತೋರಿಸಲು ಹೇಳಿ, ‘ಕಾರ್ಯಾಚರಣ ವ್ಯವಸ್ಥೆಯ ಸಂರಕ್ಷಿತ ಕಡತಗಳನ್ನು ಅಡಗಿಸು’ ಎಂಬಲ್ಲಿನ ಗುರುತನ್ನೂ ತೆಗೆದರೆ ಎಲ್ಲವೂ ಅಲ್ಲೇ ಇರುತ್ತವೆ. ಅದೇ ಜಾಗದಲ್ಲಿ ಕಡತದ ಹೆಸರಿನ ಕೊನೆಯ ಬಾಲವನ್ನೂ ಕಾಣುವಂತೆ ಮಾಡಿಟ್ಟುಕೊಳ್ಳಿ. ಪಿಡಿಎಫ್ ವೇಷ ಹಾಕಿ ಬಂದ ಇಎಕ್ಸ್‌ಇ ಆಗ ಬರಿಗಣ್ಣಿಗೇ ಸಿಕ್ಕಿಬೀಳುತ್ತದೆ.

ಅಂಗಡಿಗೆ ಇಮೇಲ್ ಮಾಡಿದರೆ ಮುಗಿಯಿತಲ್ಲ ಎಂದು ನಾನೂ ಹೇಳಿ ನೋಡಿದೆ. ‘ನನ್ನ ಪ್ರಶ್ನೆಪತ್ರಿಕೆ ಪರೀಕ್ಷೆಯ ಹಿಂದಿನ ದಿನ ಅಂಗಡಿಯ ಡೌನ್‌ಲೋಡ್ ಫೋಲ್ಡರಿನಲ್ಲಿ ಬಿದ್ದಿರಲಿ ಎನ್ನುತ್ತೀರಾ?’ ಎಂದು ಹೆಂಡತಿ ಕೇಳಿದಳು. ಸರಿಯೇ. ಹಾಗಾಗಿ, ಹೊರಗಿನಿಂದ ಏನೂ ಬರೆಯಲಾಗದಂತೆ ತಡೆಯುವ ಪುಟ್ಟ ಗುಂಡಿಯಿರುವ ಪೆನ್‌ಡ್ರೈವ್ ಅವಳ ಕೈಚೀಲ ಸೇರಿದೆ. ಅಂಗಡಿಯ ವೈರಸ್ಸಿಗೆ ಅದರೊಳಗೆ ಹತ್ತಲು ದಾರಿಯಿಲ್ಲ.

ಈಗ ಯಾವ ವಿಮರ್ಶೆಯಲ್ಲೂ ನನಗೆ ಸಿಗದ ಒಂದು ಮಾತು. ಈ ಯಂತ್ರವನ್ನು ಜೋಡಿಸಿಕೊಟ್ಟ ಅಂಗಡಿಯವರು ಕೇಳದೆಯೇ ಎಂಎಸ್ ಆಫೀಸ್ ಕೂಡ ಹಾಕಿಕೊಟ್ಟಿದ್ದರು. ಅದು ಕದ್ದ ಪ್ರತಿ ಎಂದು ಬೇರೆ ಹೇಳಬೇಕಿಲ್ಲ. ಅದನ್ನು ಚಾಲೂ ಮಾಡುವ ಆ್ಯಕ್ಟಿವೇಟರನ್ನು ಡಿಫೆಂಡರ್ ಹಿಡಿಯಬಾರದೆಂದು ಇಡೀ ಸಿ ಡ್ರೈವನ್ನೇ ವಿನಾಯಿತಿ ಪಟ್ಟಿಗೆ ಸೇರಿಸಿದ್ದರು. ಡಿಫೆಂಡರಿನ ಹಸಿರು ಗುರುತು ಹಾಗೆಯೇ ಇತ್ತು, ಎಲ್ಲವೂ ಕ್ಷೇಮ ಎನ್ನುತ್ತಿತ್ತು, ನೋಡಬೇಕಾದ ಜಾಗವನ್ನು ಮಾತ್ರ ನೋಡುತ್ತಿರಲಿಲ್ಲ. ಅಂಗಡಿಯಲ್ಲಿ ಜೋಡಿಸಿದ ಕಂಪ್ಯೂಟರ್ ನಿಮ್ಮದಾಗಿದ್ದರೆ ಈ ವಿಮರ್ಶೆಯನ್ನು ಇಲ್ಲಿಗೇ ಬಿಟ್ಟು ಮೊದಲು ‘ಎಕ್ಸ್‌ಕ್ಲೂಷನ್ಸ್’ ಎಂಬ ಪಟ್ಟಿಯನ್ನು ತೆರೆದು ನೋಡಿ. ಅದು ಖಾಲಿಯಿರಬೇಕು. ಆಫೀಸಿನ ಬದಲು ನಾವು ಲಿಬ್ರೆಆಫೀಸ್ ಹಾಕಿಕೊಂಡೆವು. ಜೊತೆಗೆ ಮೂವರ ದಿನನಿತ್ಯದ ಖಾತೆಗಳನ್ನೂ ಸಾಮಾನ್ಯ ಖಾತೆಗಳನ್ನಾಗಿ ಮಾಡಿ, ಆಡಳಿತದ ಖಾತೆಯ ಪಾಸ್‌ವರ್ಡ್ ನನ್ನ ಬಳಿ ಇಟ್ಟುಕೊಂಡೆ. ದುಡ್ಡು ಕೊಟ್ಟು ಕೊಳ್ಳುವ ಯಾವ ತಂತ್ರಾಂಶಕ್ಕಿಂತಲೂ ಇದರಿಂದ ಆದ ಉಪಕಾರ ದೊಡ್ಡದು.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಸಂಗತಿ. ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶಗಳು ಕೀಲಿಮಣೆಯ ಒತ್ತುಗಳನ್ನು ನಡುವೆಯೇ ಹಿಡಿದು ಅಕ್ಷರಗಳನ್ನಾಗಿ ಬದಲಿಸುತ್ತವೆ. ಪಾಸ್‌ವರ್ಡ್ ಕದಿಯುವ ತಂತ್ರಾಂಶಗಳೂ ಹಾಗೆಯೇ ಒತ್ತುಗಳನ್ನು ಹಿಡಿಯುತ್ತವೆ, ಆದ್ದರಿಂದ ಆಂಟಿವೈರಸ್ಸಿಗೆ ಅನುಮಾನ ಬಂದರೆ ಅದರ ತಪ್ಪಲ್ಲ. ಆ ಟೈಪಿಂಗ್ ತಂತ್ರಾಂಶವನ್ನು ಎಲ್ಲಿಂದ ಇಳಿಸಿಕೊಂಡಿರಿ ಎಂಬುದೇ ಇಲ್ಲಿ ಮುಖ್ಯ. ವಿಂಡೋಸಿನಲ್ಲೇ ಈಗ ಕನ್ನಡದ ಫೋನೆಟಿಕ್ ಕೀಲಿಮಣೆ ಇದೆ. ಹೊಸದಾಗಿ ಕಲಿಯುವವರು ಅದನ್ನೇ ಬಳಸಿದರೆ ಹೊರಗಿನದೇನನ್ನೂ ಇಳಿಸಿಕೊಳ್ಳಬೇಕಿಲ್ಲ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆ ವೈರಸ್‌ಗಳಿಂದ ಕಡತಗಳನ್ನು ಕಾಯುವ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬುದು 2017ರಿಂದ ಡಿಫೆಂಡರಿನಲ್ಲಿದೆ, ಆದರೆ ನೀವೇ ಚಾಲೂ ಮಾಡಬೇಕು. ತನಗೆ ಪರಿಚಯವಿಲ್ಲದ ಪ್ರೋಗ್ರಾಂ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಏನನ್ನಾದರೂ ಉಳಿಸಲು ಬಂದರೆ ಅದು ತಡೆಯುತ್ತದೆ. ಹೆಚ್ಚು ಪ್ರಚಾರದಲ್ಲಿಲ್ಲದ ನಮ್ಮ ಭಾಷೆಯ ತಂತ್ರಾಂಶಗಳಿಗೆ ಒಂದು ಸಲ ಕೈಯಾರೆ ಅನುಮತಿ ಕೊಟ್ಟರೆ ಆಯಿತು.

ಹಣ ಕೊಟ್ಟು ಕೊಳ್ಳುವ ದೊಡ್ಡ ಪ್ಯಾಕೇಜುಗಳ ಮೇಲೆ ನನಗೆ ಮೋಹವಿಲ್ಲ. ಮೊದಲ ವರ್ಷ ಅಗ್ಗ, ಎರಡನೇ ವರ್ಷ ಕೇಳದೆ ನವೀಕರಣ, ಅದೂ ದುಪ್ಪಟ್ಟು ದರಕ್ಕೆ: ಒಂದು ಕಂಪನಿಯಿಂದ ನಾವು ಬಿಡಿಸಿಕೊಳ್ಳಲು ಪತ್ರವ್ಯವಹಾರವನ್ನೇ ಮಾಡಬೇಕಾಯಿತು. ಉಚಿತವಾದುದೆಲ್ಲ ಸಾಧುವೆಂದೂ ಅಲ್ಲ. ಅವಾಸ್ಟ್ ತನ್ನ ಬಳಕೆದಾರರು ಎಲ್ಲೆಲ್ಲಿ ಸುತ್ತಿದರೆಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತ್ತು. ಅದಕ್ಕಾಗಿ 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ಯಂತ್ರವನ್ನು ‘ಸ್ವಚ್ಛಗೊಳಿಸುವ’ ಸಿಸಿಕ್ಲೀನರಿನ ಒಂದು ಆವೃತ್ತಿಯಲ್ಲೇ 2017ರಲ್ಲಿ ಕೇಡಿಗರು ತಮ್ಮ ಕೋಡ್ ಸೇರಿಸಿದ್ದರು. ಭದ್ರತೆಯ ಹೆಸರಿನಲ್ಲಿ ಬರುವ ಪ್ರತಿ ತಂತ್ರಾಂಶವೂ ಯಂತ್ರದ ಒಡಲಿನ ತನಕ ಪ್ರವೇಶ ಕೇಳುತ್ತದೆ. ಆ ಪ್ರವೇಶವನ್ನು ಎಷ್ಟು ಕಡಿಮೆ ಜನರಿಗೆ ಕೊಡುತ್ತೇವೋ ಅಷ್ಟು ಒಳ್ಳೆಯದು.

ಇಷ್ಟೆಲ್ಲ ಇದ್ದೂ ತಡೆಯಲಾಗದ್ದು ಫೋನಿನಲ್ಲಿ ಬರುವ ಮನುಷ್ಯ. ಬ್ಯಾಂಕಿನವನೆಂದು ನಂಬಿಸಿ ಎನಿಡೆಸ್ಕ್‌ನಂಥ ದೂರನಿಯಂತ್ರಣದ ಆ್ಯಪ್ ಹಾಕಿಸಿದರೆ ಡಿಫೆಂಡರ್ ಏಕೆ ತಡೆದೀತು? ಆ ಆ್ಯಪ್ ವೈರಸ್ಸೇ ಅಲ್ಲ, ಹಾಕಿಕೊಂಡವರೂ ನೀವೇ. ಹಣ ಹೋಯಿತೆಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಸಂಖ್ಯೆ ನಮ್ಮ ಮಾನಿಟರಿನ ಅಂಚಿನಲ್ಲಿ ಅಂಟಿಸಿದೆ.

ಮನೆಯಲ್ಲಿ ವಿಂಡೋಸ್ 11 ಒಪ್ಪದ ಹಳೆಯ ಲ್ಯಾಪ್‌ಟಾಪ್ ಕೂಡ ಒಂದಿದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಭದ್ರತಾ ತೇಪೆಗಳು, ಎಂದರೆ ವಿಂಡೋಸಿನ ತೂತು ಮುಚ್ಚುವ ಅಪ್‌ಡೇಟ್‌ಗಳು, ಇನ್ನೊಂದು ವರ್ಷ ಸಿಗುತ್ತವೆ. ಡಿಫೆಂಡರಿನ ವೈರಸ್ ಪಟ್ಟಿ ಮಾತ್ರ ಅದರಲ್ಲಿ 2028ರ ಅಕ್ಟೋಬರ್ ತನಕ ಹೊಸದಾಗುತ್ತಿರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಇದನ್ನು ಕೇಳಿ ನೆಮ್ಮದಿಯಾಗಿರುವವರನ್ನು ಕಂಡಿದ್ದೇನೆ. ಆದರೆ 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ವಿಂಡೋಸಿನದೇ ಒಂದು ತೂತಿನಿಂದ, ಅದರ ತೇಪೆ ಎರಡು ತಿಂಗಳು ಮೊದಲೇ ಬಂದಿತ್ತು. ತೇಪೆಯೇ ಬರದ ಯಂತ್ರದಲ್ಲಿ ವೈರಸ್ ಪಟ್ಟಿಯೊಂದನ್ನೇ ನಂಬಿ ಬ್ಯಾಂಕ್ ವ್ಯವಹಾರ ಮಾಡಲು ನಾನು ತಯಾರಿಲ್ಲ. ತೇಪೆಗಳು ನಿಂತ ಮೇಲೆ ಆ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕುವುದೆಂದು ತೀರ್ಮಾನಿಸಿದ್ದೇವೆ. ಅದಕ್ಕೆ ಮೊದಲು ಹೆಂಡತಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳೆಲ್ಲ ಯುನಿಕೋಡಿಗೆ ಬದಲಾಗಬೇಕು, ಆ ಕೆಲಸ ಮಗನಿಗೆ ವಹಿಸಿದೆ.