ಗೊತ್ತಾದದ್ದಷ್ಟೇ ಗಳಿಕೆ: ಮೂರು ಗೇಮ್‌ಗಳನ್ನು ಆಡಿ ನೋಡಿದಾಗ

ಲೆವೆಲ್ ಏರುವುದಿಲ್ಲ, ಹೊಸ ಆಯುಧ ಸಿಗುವುದಿಲ್ಲ, ಸ್ಕೋರ್ ಅಂತೂ ಇಲ್ಲವೇ ಇಲ್ಲ. ಮೊದಲ ದಿನ ಕೈಯಲ್ಲಿ ಏನಿತ್ತೋ ಕೊನೆಯ ದಿನವೂ ಅದೇ. ಬೆಳೆಯುವುದು ಆಡುವವರ ತಿಳಿವಳಿಕೆ ಮಾತ್ರ. ಈ ಬಗೆಯ ಮೂರು ಗೇಮ್‌ಗಳನ್ನು ಒಂದಾದ ಮೇಲೊಂದು ಆಡಿ ಮುಗಿಸಿದೆ: ಹರ್ ಸ್ಟೋರಿ (2015), ರಿಟರ್ನ್ ಆಫ್ ದಿ ಓಬ್ರಾ ಡಿನ್ (2018), ಔಟರ್ ವೈಲ್ಡ್ಸ್ (2019). ಇವನ್ನು ತೂಗಿ ನೋಡಲು ನಾನು ಹಿಡಿದ ಅಳತೆ ಒಂದೇ. ನನ್ನ ಊಹೆ ಸರಿ ಎಂದು ಆಟ ನನಗೆ ಹೇಗೆ ತಿಳಿಸುತ್ತದೆ?

ಹರ್ ಸ್ಟೋರಿ ತಿಳಿಸುವುದೇ ಇಲ್ಲ. 1994ರಲ್ಲಿ ಪೊಲೀಸರು ಒಬ್ಬ ಮಹಿಳೆಯನ್ನು ವಿಚಾರಣೆ ಮಾಡಿದ 271 ವಿಡಿಯೊ ತುಣುಕುಗಳಿವೆ. ಒಂದು ಪದ ಟೈಪ್ ಮಾಡಿದರೆ ಆ ಪದವಿರುವ ತುಣುಕುಗಳಲ್ಲಿ ಮೊದಲ ಐದನ್ನಷ್ಟೇ ನೋಡಬಹುದು. ಅವು ದಿನಾಂಕದ ಕ್ರಮದಲ್ಲಿರುವುದರಿಂದ, ಕೊನೆಯ ದಿನದ ಮಾತು ಕೇಳಬೇಕಾದರೆ ಆಕೆ ಅಪರೂಪಕ್ಕೆ ಆಡಿದ ಪದವನ್ನೇ ಹಿಡಿಯಬೇಕು. ಆಕೆಯ ಪಾತ್ರದಲ್ಲಿ ವಿವಾ ಸೀಫರ್ಟ್ ಅವರ ಅಭಿನಯ ಇನ್ನೂ ಮನಸ್ಸಿನಲ್ಲಿದೆ. ಆದರೆ ನನ್ನ ತೀರ್ಮಾನವನ್ನು ಒರೆಗೆ ಹಚ್ಚುವ ದಾರಿಯೇ ಸಿಗಲಿಲ್ಲ.

ಓಬ್ರಾ ಡಿನ್‌ನಲ್ಲಿ ಆ ದಾರಿ ಇದೆ, ಅದೂ ಬಲು ಜಾಣತನದ್ದು. 1807ನೇ ಇಸವಿ, ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ತನಿಖಾಧಿಕಾರಿ. ಜನರಿಲ್ಲದೆ ಮರಳಿ ಬಂದ ಹಡಗಿನಲ್ಲಿದ್ದ 60 ಮಂದಿ ಯಾರ‍್ಯಾರು, ಅವರಿಗೆ ಏನಾಯಿತು ಎಂದು ಬರೆದುಕೊಡಬೇಕು. ಮೂವರ ವಿವರ ಸರಿಯಾದಾಗ ಮಾತ್ರ ಆಟ ಒಪ್ಪಿಕೊಳ್ಳುತ್ತದೆ. ಒಬ್ಬೊಬ್ಬರದನ್ನೇ ಒಪ್ಪಿದ್ದರೆ ಹೆಸರು ಬದಲಿಸುತ್ತ ಹೋಗಿಯೇ ಗೆದ್ದುಬಿಡಬಹುದಿತ್ತು. ಆದರೂ, ಇಬ್ಬರದು ಖಚಿತವಿದ್ದಾಗ ಮೂರನೆಯವನನ್ನು ನಾನು ಅಂದಾಜಿನಲ್ಲೇ ತುಂಬಿದ್ದುಂಟು. ಹಾಗೆ ತುಂಬಿದವರು ಯಾರೂ ಈಗ ನೆನಪಿಲ್ಲ. ಮಲಗುವ ಜೋಲಿಯ ಮೇಲಿನ ಸಂಖ್ಯೆಯಿಂದ ಗುರುತು ಹಚ್ಚಿದ ನಾವಿಕನ ಮುಖ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಔಟರ್ ವೈಲ್ಡ್ಸ್‌ನಲ್ಲಿ ಒಪ್ಪುವುದು, ತಿರಸ್ಕರಿಸುವುದು ಎಲ್ಲ ಆ ಲೋಕದ್ದೇ ಕೆಲಸ. ಅಲೆಕ್ಸ್ ಬೀಚಮ್ ಅವರ ಸ್ನಾತಕೋತ್ತರ ಅಧ್ಯಯನದ ಪ್ರಾಜೆಕ್ಟ್ ಆಗಿ ಹುಟ್ಟಿದ ಈ ಆಟದಲ್ಲಿ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿಯುತ್ತಾನೆ, ಎಲ್ಲವೂ ಮತ್ತೆ ಮೊದಲಿನಿಂದ. ಅವಳಿ ಗ್ರಹಗಳಲ್ಲಿ ಒಂದರ ಮರಳು ಇನ್ನೊಂದಕ್ಕೆ ಸುರಿಯುತ್ತಿರುತ್ತದೆ. ಒಮ್ಮೆ ಗುಹೆಯಲ್ಲಿ ಏರುತ್ತಿದ್ದ ಮರಳಿಗೂ ಚಾವಣಿಗೂ ನಡುವೆ ಸಿಕ್ಕಿ ಸತ್ತೆ. ಮರುಸಲ ಅದೇ ಮರಳಿನ ಮೇಲೆ ನಿಂತು ಕಾದೆ. ಕೈಗೆಟುಕದಿದ್ದ ಎತ್ತರಕ್ಕೆ ಅದೇ ನನ್ನನ್ನು ಒಯ್ದಿತು. ‘ಸರಿ’ ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬಾಹ್ಯಾಕಾಶ ನೌಕೆ ಹಾರಿಸಲು ಅನುಮತಿ ಸಿಕ್ಕ ಗಳಿಗೆಯಿಂದ ಕೊನೆಯವರೆಗಿನ ದಾರಿ ತೆರೆದೇ ಇರುತ್ತದೆ. ನಮಗೆ ಗೊತ್ತಿರುವುದಿಲ್ಲ, ಅಷ್ಟೇ.

ನನ್ನ ಮಟ್ಟಿಗೆ ಮೊದಲ ಸ್ಥಾನ ಇದಕ್ಕೇ. ಆದರೆ ನೌಕೆಯ ವೇಗ ಹಿಡಿತಕ್ಕೆ ಬರಲು ಸಮಯ ಬೇಕು, ಗ್ರಹಕ್ಕೆ ಢಿಕ್ಕಿ ಹೊಡೆಯುವುದಂತೂ ಖಂಡಿತ. ಕಂಟ್ರೋಲರ್ ಹಿಡಿದು ಅಭ್ಯಾಸವಿಲ್ಲದವರು ಓಬ್ರಾ ಡಿನ್‌ನಿಂದ ಶುರುಮಾಡಲಿ. ಅಲ್ಲಿ ನಡೆಯಲು, ನೋಡಲು ಬಂದರೆ ಸಾಕು. ಯಾವುದನ್ನೇ ಹಿಡಿದರೂ ಇಂಟರ್ನೆಟ್‌ನಲ್ಲಿ ಉತ್ತರ ಹುಡುಕಬೇಡಿ. ಉತ್ತರ ತಿಳಿದ ಮೇಲೆ ಈ ಮೂರರಲ್ಲೂ ಆಡಲು ಬೇರೇನೂ ಉಳಿದಿರುವುದಿಲ್ಲ.