ಸನ್‌ಡ್ಯೂ ಗಿಡ ಆನ್‌ಲೈನಲ್ಲಿ ತಗೊಳೋರು ದಯವಿಟ್ಟು ಇದನ್ನ ಓದಿ
ಹುಳ ತಿನ್ನೋ ಗಿಡ ಬೆಳೆಸಿ ಫೋಟೋ ತೆಗೆಯೋ ಆಸೆ ಇರೋರೆಲ್ಲ ಕೇಳಿ, "ಕೇಪ್ ಸನ್‌ಡ್ಯೂ, ನಮ್ಮ ನರ್ಸರೀಲೇ ಬೆಳೆಸಿದ್ದು" ಅಂತ ಚಂದದ ಮ್ಯಾಕ್ರೋ ಫೋಟೋ ಹಾಕಿ ಮಾರೋರಿಗೆ ದುಡ್ಡು ಕಳಿಸೋ ಮೊದ್ಲು ಗಿಡ ಕುಂಡದಲ್ಲಿರೋ ವಿಡಿಯೋ ಕೇಳಿ. ನಾನು ಅಕ್ಟೋಬರಲ್ಲಿ ತರಿಸ್ಕೊಂಡೆ, ಸಾಗರಕ್ಕೆ ಪಾರ್ಸೆಲ್ ಬಂತು, ಬಿಚ್ಚಿದ್ರೆ ಒದ್ದೆ ಪೇಪರಲ್ಲಿ ಸುತ್ತಿದ ಗಿಡ, ಬೇರಿಗೆ ಜಂಬಿಟ್ಟಿಗೆಯ ಕೆಂಪು ಹರಳು, ಅದ್ರ ಜೊತೆ ಹುಲ್ಲಿನ ಬೇರು. ನರ್ಸರಿಯೋರು ಪೀಟ್ (ಜೌಗಲ್ಲಿ ಕೊಳೆತ ಪಾಚಿ), ಮರಳು ಹಾಕಿ ಬೆಳೆಸ್ತಾರೆ, ಇದು ಗುಡ್ಡದಿಂದ ಕಿತ್ತಿದ್ದು ಅಂತ ನೋಡಿದ ತಕ್ಷಣ ಗೊತ್ತಾಯ್ತು.

ಗಿಡಾನೂ ಬೇರೆ. ಕೇಪ್ ಅಂದ್ರೆ ಡ್ರೊಸೆರಾ ಕೇಪೆನ್ಸಿಸ್, ದಕ್ಷಿಣ ಆಫ್ರಿಕಾದ್ದು, ಎಲೆ ಉದ್ದಕ್ಕೆ ಪಟ್ಟಿ ಥರ ಇರುತ್ತೆ, ವರ್ಷಗಟ್ಲೆ ಬದುಕುತ್ತೆ. ನಂಗೆ ಬಂದಿದ್ದು ನಾಣ್ಯದಷ್ಟಗಲ ನೆಲಕ್ಕೆ ಅಂಟ್ಕೊಂಡು ಬೆಳೆಯೋ ಡ್ರೊಸೆರಾ ಬರ್ಮಾನಿ, ನಮ್ಮ ಬ್ಯಾಣಗಳಲ್ಲಿ, ಅಂದ್ರೆ ಹುಲ್ಲುಗಾವಲಲ್ಲಿ, ನೀರು ಜಿನುಗೋ ಕಡೆ ಇರೋದು. ಹುಳ ಕೂತ್ರೆ ಎಲೆ ಅಂಚಿನ ಅಂಟು ಕೂದಲು ಕೆಲವೇ ಸೆಕೆಂಡಲ್ಲಿ ಬಾಗೋ ಅಂಥ ಗಿಡ, ಅದನ್ನ ಹೀಗೆ ಕಿತ್ತು ಮಾರ್ತಾರಲ್ಲ ಅಂತ ಹೊಟ್ಟೆ ಉರೀತು. ಅದು ಸಾಮಾನ್ಯವಾಗಿ ಒಂದೇ ವರ್ಷದ ಗಿಡ, ಹೂ ಬಿಟ್ಟು ಬೀಜ ಉದುರಿಸಿ ಸಾಯುತ್ತೆ, ಹೂ ಬಿಟ್ಟಿದ್ದನ್ನ ಕಿತ್ರೆ ಮುಂದಿನ ಮಳೆಗಾಲಕ್ಕೆ ಆ ಜಾಗದಲ್ಲಿ ಹುಟ್ಟೋ ಸಸಿಗಳನ್ನೂ ಕಿತ್ತಂಗೇ ಆಯ್ತು.

ಗಿಡ ಸತ್ತೋಯ್ತು. ಮೆಸೇಜ್ ಮಾಡಿದ್ರೆ "ಗೊಬ್ಬರ ಹಾಕ್ಲಿಲ್ವಾ ಸಾರ್?" ಅಂದ್ರು! ಗೊಬ್ಬರ ಹಾಕಿದ್ರೆ ಬೇರು ಸುಟ್ಟೋಗುತ್ತೆ, ಬೋರ್‌ವೆಲ್ ನೀರಿನ ಲವಣಾನೂ ಇದಕ್ಕಾಗಲ್ಲ, ಬಡ ಮಣ್ಣಲ್ಲಿ ಸಿಗದ ಸಾರಜನಕಕ್ಕೆ ಅಂತಾನೇ ಅದು ಹುಳ ಹಿಡಿಯೋದು. ನಾನು ಹಾಕಿದ್ದು ಹಂಚಿನಿಂದ ಹಿಡಿದ ಮಳೆನೀರು ಮಾತ್ರ. ಹಾಗಂದಿದ್ದಕ್ಕೆ ಬ್ಲಾಕ್ ಮಾಡಿದ್ರು, ದುಡ್ಡೂ ಇಲ್ಲ.

ಬೆಳೆಸ್ಲೇಬೇಕು ಅಂದ್ರೆ ಗೊತ್ತಿರೋರ ಹತ್ರ ಕೇಪ್ ಬೀಜ ಇಸ್ಕೊಳಿ, ಒದ್ದೆ ಪೀಟ್ ಮೇಲೆ ಉದುರಿಸಿ, ಮಣ್ಣು ಮುಚ್ಬೇಡಿ, ಬೆಳಕು ಚೆನ್ನಾಗಿರ್ಲಿ. ಬರ್ಮಾನಿ ಫೋಟೋ ಬೇಕಾ, ಇದ್ದಲ್ಲೇ ತೆಗೀರಿ. ಜೋರು ಮಳೇಲಿ ಅಂಟು ಹನಿ ತೊಳೆದೋಗುತ್ತೆ, ಅದಕ್ಕೆ ಮಳೆ ಬಿಟ್ಟ ಮೇಲೆ ಹೋಗಿ ಎದುರು ಬಿಸಿಲಿಗೆ ಕ್ಯಾಮೆರಾ ಹಿಡೀರಿ, ಹನಿಹನಿಯೂ ಹೊಳೆಯುತ್ತೆ. ಮಲಗಿ ತೆಗೆಯೋ ಮೊದ್ಲು ಎದೆ ಕೆಳಗೆ ಸಣ್ಣ ಗಿಡ ಇದೆಯಾ ನೋಡ್ಕೊಳಿ. ಫೋಟೋ ಹಾಕುವಾಗ ಲೊಕೇಶನ್ ತೆಗೆದುಬಿಡಿ, ಊರಿನ ಹೆಸ್ರೂ ಬೇಡ, ಕೀಳೋರಿಗೆ ಅಷ್ಟು ಸಿಕ್ರೆ ಸಾಕು.